ಪಕ್ಕದ ಚಾಪೆಯವರು

ಮದುವೆಮನೆಗೆ ಹೋದರೆ ನಾನು ಮೊದಲ ಪಂಕ್ತಿಯಲ್ಲೇ ಉಂಡು, ತಾಂಬೂಲದ ಚೀಲ ಹಿಡಿದು ಜಾಗ ಖಾಲಿ ಮಾಡುವವಳು. ಅಷ್ಟರಲ್ಲೇ ಯಾರಾದರೂ ಒಬ್ಬರು "ಯಾಕಮ್ಮಾ ಸಪ್ಪಗಿದೀಯಾ, ಹುಷಾರಿಲ್ವಾ?" ಅಂತ ಕೇಳಿಯೇ ಇರುತ್ತಾರೆ. ಹುಷಾರಾಗೇ ಇರುತ್ತೇನೆ. ಮಾತು ಕಡಿಮೆ, ಅಷ್ಟೇ.

ಹಾಗಂತ ಜನ ಬೇಡ ಅಂತಲ್ಲ. ಭಾನುವಾರವೆಲ್ಲ ರೂಮಿನಲ್ಲಿ ಒಬ್ಬಳೇ ಇದ್ದು, ಸಂಜೆ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು" ಅನ್ನುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿದ್ದುಂಟು.

ಕಬ್ಬನ್ ಪಾರ್ಕಿನ ಶನಿವಾರದ ಓದಿನ ಬಗ್ಗೆ ಆಫೀಸಿನಲ್ಲಿ ಯಾರೋ ಹೇಳಿದರು. 2023ರ ಆರಂಭದಲ್ಲಿ ಇಬ್ಬರು ಸೇರಿ ಶುರುಮಾಡಿದ್ದು, ಈಗ ಎಷ್ಟೋ ಊರುಗಳಿಗೆ ಹಬ್ಬಿದೆ. ಪುಸ್ತಕ ತಗೊಂಡು ಬಾ, ಚಾಪೆ ಹಾಸು, ಸುಮ್ನೆ ಓದು. ದುಡ್ಡಿಲ್ಲ. "ನಿಮ್ಮ ಬಗ್ಗೆ ಒಂದೆರಡು ಮಾತು ಹೇಳಿ" ಅನ್ನುವ ಗೋಳೂ ಇಲ್ಲ. ಆ ಕೊನೆಯದಕ್ಕೇ ನಾನು ಹೊರಟಿದ್ದು.

ಆದರೂ ಮೊದಲ ದಿನ ದೂರದಿಂದಲೇ ಎರಡು ಸುತ್ತು ಹಾಕಿದೆ. ಆಮೇಲೆ ಅಂಚಿನಲ್ಲಿ ಕೂತೆ. ಪಕ್ಕದ ಚಾಪೆಯಲ್ಲಿ ಅಮ್ಮನ ವಯಸ್ಸಿನವರೊಬ್ಬರು. ಅವರ ಪುಸ್ತಕಕ್ಕೆ ಶಾಲೆ ಮಕ್ಕಳ ಹಾಗೆ ನ್ಯೂಸ್‌ಪೇಪರ್ ರಟ್ಟು. ಯಾವ ಪುಸ್ತಕವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಪುಟದಿಂದ ಕಣ್ಣೆತ್ತದೆ ಒಂದು ಸ್ಟೀಲ್ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಕೋಡುಬಳೆ! ಅಷ್ಟು ಜನ ಮೌನವಾಗಿ ಓದುತ್ತಿರುವಾಗ ಕೋಡುಬಳೆ ಕಡಿಯುವುದು ಹೇಗೆ? ದವಡೆಯಲ್ಲಿಟ್ಟು ನೆನೆಸುತ್ತಾ ಕೂತೆ. ಆ ಕಡೆಯಿಂದ 'ಕಟುಂ' ಅಂತ ಸದ್ದು. ಅವರಿಗೆ ಆ ಮುಲಾಜೇ ಇರಲಿಲ್ಲ. ಆಮೇಲೆ ನಾನೂ ಕಡಿದೆ.

ಮತ್ತೆ ಆರು ಶನಿವಾರ ಹೋದೆ. ಅವರೂ ಬಂದರು. ಬಂದಾಗ ಒಂದು ನಗು, ಹೊರಡುವಾಗ ತಲೆಯಾಡಿಸುವುದು. ಒಮ್ಮೆ ನಾನು ಸೀಬೆಹಣ್ಣು ಹೆಚ್ಚಿ, ಉಪ್ಪು ಖಾರ ಹಾಕಿ ಒಯ್ದಿದ್ದೆ. ಮುಂದಿನ ವಾರ ಡಬ್ಬಿ ಖಾಲಿ ಬರಲಿಲ್ಲ, ನಿಪ್ಪಟ್ಟು ತುಂಬಿತ್ತು. ಹೆಸರು ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ. ನಂಬರ್ ತಗೊಂಡಿದ್ದರೆ ಗುಡ್ ಮಾರ್ನಿಂಗ್ ಮೆಸೇಜಿಗೆಲ್ಲ ಉತ್ತರ ಕೊಡಬೇಕಿತ್ತು, ಅಲ್ವಾ?

ಕಳೆದ ವಾರ ಹನ್ನೊಂದರ ಹೊತ್ತಿಗೆ ದಪ್ಪ ಹನಿ ಬಿದ್ದವು. ಎಲ್ಲರೂ ಚಾಪೆ ಸುತ್ತಿಕೊಂಡು ಎದ್ದರು. ನಾವಿಬ್ಬರೂ ಒಂದು ಮರದ ಕೆಳಗೆ ನಿಂತೆವು. ನನ್ನದು ಲೈಬ್ರರಿ ಪುಸ್ತಕ, ಎದೆಗವಚಿಕೊಂಡಿದ್ದೆ. ಅವರು ಚೀಲದಿಂದ ಪುಟ್ಟ ಕೊಡೆ ತೆಗೆದು ಬಿಚ್ಚಿ, ನನ್ನ ಕಡೆ ಬಾಗಿಸಿದರು. ಇಬ್ಬರ ತಲೆಯೂ ತೊಯ್ದು ತೊಪ್ಪೆಯಾಯಿತು. ಎರಡು ಪುಸ್ತಕಗಳೂ ನೆನೆಯಲಿಲ್ಲ.