ಯಾರು ಯಾರಿಗೆ ಹೊಡೆದರು?

ಬೆಂಗಳೂರಿನಿಂದ 699 ರೂಪಾಯಿ ಕೊಟ್ಟು ತರಿಸಿಕೊಂಡ ಇಂಗ್ಲಿಷ್ ಸಾಹಸ ಚಿತ್ರವೊಂದರ ಬ್ಲೂ-ರೇ ಡಿಸ್ಕನ್ನು ಕಳೆದ ಭಾನುವಾರ ರಾತ್ರಿ ಗಂಗಾವತಿಯ ನಮ್ಮ ಮನೆಯಲ್ಲಿ ಹಾಕಿದ್ದೆ. ಅಪ್ಪ ಅರ್ಧ ಗಂಟೆ ಸುಮ್ಮನೆ ನೋಡಿ, ಹೊಡೆದಾಟದ ನಡುವೆ ಒಂದು ಮಾತು ಹೇಳಿದರು: "ಎಲ್ಲಾ ಚೊಲೊ ಕಾಣತೈತಿ ತಮ್ಮಾ, ಆದ್ರ ಯಾರು ಯಾರಿಗೆ ಹೊಡಿಯಾಕತ್ತಾರ ಅನ್ನೂದ ತಿಳಿವಲ್ದು." ಈ ವಾರವಿಡೀ ಆ ಮಾತು ನನ್ನ ತಲೆಯಿಂದ ಇಳಿದಿಲ್ಲ.

ಅಪ್ಪ ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದವರು. ಬೆಳಕು ಮಂಕಾಗದಂತೆ ಪ್ರೊಜೆಕ್ಟರಿನ ದೀಪದಲ್ಲಿ ಉರಿಯುವ ಕಾರ್ಬನ್ ಕಡ್ಡಿಗಳನ್ನು ಸರಿಪಡಿಸುತ್ತಾ, ರೀಲು ಮುಗಿಯುತ್ತಿದೆ ಎಂದು ತೆರೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮೂಡಿದೊಡನೆ ಎರಡನೆಯ ಪ್ರೊಜೆಕ್ಟರಿಗೆ ಬದಲಾಯಿಸುತ್ತಾ ದುಡಿದ ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ಚಿತ್ರವನ್ನು ಕಣ್ಣಿನಿಂದಲೇ ಓದುತ್ತಾರೆ. ಅವರ ತೀರ್ಪನ್ನು ನಾನು ಯಾವ ವಿಮರ್ಶೆಗಿಂತಲೂ ಹೆಚ್ಚು ನಂಬುತ್ತೇನೆ.

ಡಿಸ್ಕಿನ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಎರಡು ಪದರಗಳ 50 ಜಿಬಿ ಡಿಸ್ಕಿನಲ್ಲಿ ಚಿತ್ರಕ್ಕೆ ಧಾರಾಳ ಜಾಗ ಸಿಕ್ಕಿದೆ. 2.39:1 ಅನುಪಾತದ ಅಗಲ ಚಿತ್ರವಾದ್ದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬಂದು, ಬ್ಲೂ-ರೇ ಚಿತ್ರದ ಚುಕ್ಕೆಗಳ 1080 ಅಡ್ಡ ಸಾಲುಗಳಲ್ಲಿ ಸುಮಾರು 800 ಮಾತ್ರ ಚಿತ್ರದ ಪಾಲಿಗೆ ಉಳಿಯುತ್ತವೆ. ಆದರೂ ನಮ್ಮ ಹಳೆಯ ಡಿವಿಡಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವಂತಿಲ್ಲ. ರಾತ್ರಿಯ ಮಳೆಯಲ್ಲಿ ಕತ್ತಲೆ ಚೌಕ ಚೌಕವಾಗಿ ಒಡೆಯುವುದಿಲ್ಲ, ನಾಯಕನ ಕೋಟಿನ ಭುಜದ ಮೇಲಿನ ಹನಿಗಳನ್ನು ಎಣಿಸಬಹುದು. ಅಪ್ಪ ಟಿವಿಯ ಹತ್ತಿರ ಹೋಗಿ, ಬೂದು ಆಕಾಶದಲ್ಲಿ ಸಣ್ಣಗೆ ಕದಲುತ್ತಿದ್ದ ಕಾಳುಗಳನ್ನು ಬೆರಳಿನಿಂದ ತೋರಿಸಿ, "ಇದು ರೀಲಿನ್ಯಾಗ ತಗದದ್ದು" ಎಂದರು. ಫಿಲ್ಮಿನ ಆ ಕಾಳುಗಳನ್ನು, ಅಂದರೆ ಗ್ರೇನನ್ನು, ಒರೆಸಿಹಾಕಿ ಮುಖಗಳನ್ನು ಮೇಣದ ಗೊಂಬೆಗಳಂತೆ ಮಾಡುವ ಡಿಸ್ಕುಗಳೂ ಇವೆ. ಇಲ್ಲಿ ಅದನ್ನು ಉಳಿಸಿದವರು ತಮ್ಮ ಕೆಲಸವನ್ನು ಪ್ರೀತಿಸುವವರೇ ಇರಬೇಕು. ಡಿಟಿಎಸ್-ಎಚ್‌ಡಿ ಧ್ವನಿಯೂ ಅಷ್ಟೇ ಸೊಗಸಾಗಿದೆ.

ಸೋತಿರುವುದು ಚಿತ್ರ. ಅಪ್ಪ ಮಾತೆತ್ತಿದ ಗೋದಾಮಿನ ಹೊಡೆದಾಟವನ್ನು ಮರುದಿನ ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎಡಕ್ಕೆ ಓಡುತ್ತಿದ್ದವನು ಮರುಕ್ಷಣವೇ ಬಲಕ್ಕೆ ಓಡುತ್ತಾನೆ. ಎತ್ತಿದ ಮುಷ್ಟಿ ಒಂದು ಶಾಟ್‌ನಲ್ಲಿ, ಬೀಳುವ ದೇಹ ಇನ್ನೊಂದರಲ್ಲಿ, ಏಟು ತಾಗುವ ಕ್ಷಣ ಯಾವುದರಲ್ಲೂ ಇಲ್ಲ. ಸೆಕೆಂಡಿಗೆ 24 ಫ್ರೇಮುಗಳು ಓಡುವ ಚಿತ್ರದಲ್ಲಿ ಕೆಲವು ಶಾಟ್‌ಗಳಿಗೆ ಹನ್ನೆರಡು ಫ್ರೇಮುಗಳ ಆಯುಷ್ಯವೂ ಇಲ್ಲ. ಮಸುಕಾದ ಡಿವಿಡಿಯಲ್ಲಿ ನೋಡಿದ್ದರೆ ತಪ್ಪನ್ನು ಡಿಸ್ಕಿನ ಮೇಲೆ ಹೊರಿಸುತ್ತಿದ್ದೆನೇನೋ. ಇಷ್ಟು ನಿಚ್ಚಳವಾದ ಪ್ರತಿ ಆ ನೆಪವನ್ನೂ ಉಳಿಸಲಿಲ್ಲ.

ಅಪ್ಪನ ಕಾಲದಲ್ಲಿ ರೈಸ್ ಮಿಲ್ಲಿನ ಹಮಾಲರು ಕೆಲಸ ಮುಗಿಸಿ ಇಂಗ್ಲಿಷ್ ಚಿತ್ರಗಳಿಗೆ ಬರುತ್ತಿದ್ದರಂತೆ. ಒಂದು ಮಾತೂ ತಿಳಿಯದಿದ್ದರೂ ಏಟು ಬಿದ್ದ ಕೂಡಲೇ ಸರಿಯಾದ ಕ್ಷಣಕ್ಕೆ ಸೀಟಿ ಹೊಡೆಯುತ್ತಿದ್ದರಂತೆ, ಏಕೆಂದರೆ ಬಾಗಿಲು ಎಲ್ಲಿದೆ, ಮೆಟ್ಟಿಲು ಎಲ್ಲಿದೆ, ವೈರಿ ಯಾವ ಕಡೆಯಿಂದ ಬರುತ್ತಾನೆ ಎಂಬುದನ್ನು ಹೊಡೆದಾಟಕ್ಕೆ ಮುಂಚೆಯೇ ಅವರಿಗೆ ತೋರಿಸಿರುತ್ತಿದ್ದರು. ಅಂಥ ಪ್ರೇಕ್ಷಕರ ಮೇಲೆ ಈ ನಿರ್ದೇಶಕನಿಗೆ ಗೌರವವಿಲ್ಲವೆಂದೇ ನನಗನಿಸಿತು. ಗಲಿಬಿಲಿಯನ್ನೇ ವೇಗವೆಂದು ನಂಬಿಸಲು ಹೊರಟಿದ್ದಾನೆ.

ನಿನ್ನೆ ಅಪ್ಪ ಆ ಹೊಡೆದಾಟವನ್ನು ಇನ್ನೊಮ್ಮೆ ಹಾಕಿಸಿದರು. ಧ್ವನಿ ಬಂದ್ ಮಾಡಿಸಿ, ಕನ್ನಡಕ ಏರಿಸಿಕೊಂಡು, "ಬಾಗಲ ಎಲ್ಲೈತಿ ತೋರಿಸು" ಎಂದರು. ರಿಮೋಟ್ ಹಿಡಿದು ಆ ನಾಲ್ಕು ನಿಮಿಷಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಹುಡುಕಿದೆ. ಬಾಗಿಲು ಒಂದು ಫ್ರೇಮಿನಲ್ಲೂ ಇರಲಿಲ್ಲ.