ಅನುದಾನ ಬಂತು, ಪ್ಯಾನ್‌ಮನ್ ಹೋದ

ಸರ್ಕಾರದ ಷೇರೇ ಜಾಸ್ತಿ ಇರುವ ಒಂದು ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನನಗೆ ಕೆಲಸ. ಯಾವುದು ಅಂತ ಹೇಳಲ್ಲ. ಸಕ್ಕರೆ, ಸರ್ಕಾರ ಎರಡೂ ಸೇರಿದ ಕೂಡಲೇ ಎಲ್ಲರೂ 1933ರಲ್ಲಿ ಶುರುವಾದ ಮಂಡ್ಯದ ಮೈಶುಗರ್ ಅಂದುಕೊಳ್ಳುತ್ತಾರೆ, ನಮ್ಮದು ಅದಲ್ಲ.

"ಸರ್ಕಾರ ಕೋಟಿಗಟ್ಟಲೆ ಕೊಡ್ತಾನೇ ಇದೆ, ಆದ್ರೂ ನಿಮ್ಮಲ್ಲಿ ಜನರನ್ನ ಮನೆಗೆ ಕಳಿಸ್ತಾರಲ್ಲ, ಯಾಕೆ?" ನಾನು ಎಲ್ಲಿ ಕೆಲಸ ಮಾಡ್ತೀನಿ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ದುಡ್ಡು ತಿಂದರು ಅಂತ ಹೇಳಿಬಿಡುವುದು ಸುಲಭ. ಕಡತ ಹಿಡಿದು ಕೂತವನಿಗೆ ಕಾಣುವುದೇ ಬೇರೆ.

ಬಜೆಟ್‌ನಲ್ಲಿ ಘೋಷಣೆ ಆಯಿತು ಅಂದರೆ ದುಡ್ಡು ಬಂತು ಅಂತಲ್ಲ. ಪ್ರಸ್ತಾವನೆ ಹೋಗಬೇಕು, ಆಡಳಿತಾತ್ಮಕ ಮಂಜೂರಾತಿ ಬೇಕು, ಆರ್ಥಿಕ ಇಲಾಖೆಯ ಸಹಮತಿ ಬೇಕು, ಆಮೇಲೆ ಬಿಡುಗಡೆ ಆದೇಶ, ಅದೂ ಕಂತುಗಳಲ್ಲಿ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಬರುವುದಿಲ್ಲ. ಬೇರೆ ಇಲಾಖೆಗೆ ಇದು ನಡೆದೀತು. ಸಕ್ಕರೆ ಕಾರ್ಖಾನೆಗೆ ಮಾತ್ರ ಕಾಲ ಕಾಯುವುದಿಲ್ಲ. ಗಾಣದ ರೋಲರ್ ಬಿಚ್ಚುವುದು, ಬಾಯ್ಲರ್ ಟ್ಯೂಬ್ ಬದಲಿಸುವುದು, ಬಾಯ್ಲರ್ ಇನ್‌ಸ್ಪೆಕ್ಟರ್ ಹತ್ತಿರ ಪ್ರಮಾಣಪತ್ರ ತೆಗೆದುಕೊಳ್ಳುವುದು, ಇದೆಲ್ಲ ಅರೆಯುವುದು ನಿಂತಿರುವ ಆ ಕೆಲವು ತಿಂಗಳಲ್ಲೇ ಆಗಬೇಕು. ದುಡ್ಡು ತಡವಾದರೆ ರಿಪೇರಿ ತಡ, ರಿಪೇರಿ ತಡವಾದರೆ ಹಂಗಾಮು ತಡ, ಅಷ್ಟರಲ್ಲಿ ಒಳ್ಳೇ ಕಬ್ಬು ಖಾಸಗಿಯವರ ಲಾರಿ ಹತ್ತಿರುತ್ತದೆ. ರೈತನನ್ನು ಬೈದು ಪ್ರಯೋಜನ ಇಲ್ಲ. ಕಬ್ಬು ಕಡಿದ ಮೇಲೆ ದಿನ ಕಳೆದಷ್ಟೂ ತೂಕವೂ ಹೋಗುತ್ತೆ, ಸಕ್ಕರೆ ಅಂಶವೂ ಹೋಗುತ್ತೆ, ಅವನು ಯಾಕೆ ಕಾಯಬೇಕು?

ಸರಿ, ದುಡ್ಡು ಬಂತು ಅಂದುಕೊಳ್ಳಿ. ಬಂದದ್ದು ಎಲ್ಲಿಗೆ ಹೋಗುತ್ತದೆ? ಮೊದಲು ಹಳೇ ಬಾಕಿಗೆ. ಕಬ್ಬು ಬಂದ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಷ್ಟು ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆಮೇಲೆ ಬ್ಯಾಂಕಿನವರು, ವಿದ್ಯುತ್ ಬಾಕಿ, ಪಿಎಫ್ ಬಾಕಿ. ಇನ್ನು ಉಳಿದದ್ದು ಯಂತ್ರೋಪಕರಣದ ಶೀರ್ಷಿಕೆಗೆ, ಅಂದರೆ ಯಂತ್ರಕ್ಕೆಂದೇ ಮೀಸಲಾದ ಲೆಕ್ಕಕ್ಕೆ. ಆ ಶೀರ್ಷಿಕೆಯ ದುಡ್ಡಲ್ಲಿ ಒಂದು ತಿಂಗಳ ಸಂಬಳ ಕೊಡೋಣ ಅಂದರೂ ಆಗುವುದಿಲ್ಲ, ಆಡಿಟ್‌ನವರು ಹಿಡಿಯುತ್ತಾರೆ. ಹಾಗಾಗಿ ಹೊಸ ಟರ್ಬೈನಿಗೆ ಟೆಂಡರ್ ಕರೆದಿರುತ್ತೇವೆ, ಅದೇ ಹೊತ್ತಿಗೆ ಟರ್ಬೈನ್ ನೋಡಿಕೊಳ್ಳುವವನಿಗೆ ಎರಡು ತಿಂಗಳ ಸಂಬಳ ಬಾಕಿ ಇರುತ್ತೆ. ತಮಾಷೆ ಅಲ್ವಾ? ಎರಡೂ ಕಡತ ನನ್ನ ಮೇಜಿನ ಮೇಲೇ ಇರುತ್ತವೆ.

ಕೆಲಸ ಹೋಗುವುದು ಶುರುವಾಗುವುದು ಅನುದಾನದ ಜೊತೆ ಬರುವ ಷರತ್ತಿನಿಂದ. ಸಿಬ್ಬಂದಿ ವೆಚ್ಚ ಕಡಿಮೆ ಮಾಡಿ, ಕಾರ್ಯಸಾಧ್ಯತೆ ತೋರಿಸಿ ಅನ್ನುತ್ತಾರೆ. ತೆಗೆದುಹಾಕಿದರೆ ಗಲಾಟೆ, ಆದ್ದರಿಂದ ಸ್ವಯಂ ನಿವೃತ್ತಿ, ಅಂದರೆ ವಿಆರ್‌ಎಸ್. ನಮ್ಮಲ್ಲೂ ಅದೇ ಆಯಿತು. ಅರ್ಜಿಗಳ ಲೆಕ್ಕದ ಹಾಳೆ ಹಾಕಿದವನು ನಾನೇ. ಸರ್ವಿಸ್ ಜಾಸ್ತಿ ಇದ್ದವರಿಗೆ ಪರಿಹಾರ ಜಾಸ್ತಿ, ಹಾಗಾಗಿ ಮೊದಲು ಅರ್ಜಿ ಹಾಕಿದವರು ಅವರೇ. ಕೆಲಸ ಚೆನ್ನಾಗಿ ಬಲ್ಲವರು. ಸಂಬಳ ಯಾವಾಗ ಬರುತ್ತೋ ಗೊತ್ತಿಲ್ಲದ ಕಡೆ ಕೈಗೆ ಸಿಗುವ ದುಡ್ಡು ಬಿಡುವವರು ಯಾರು? ಹೆಸರಿಗೆ ಸ್ವಯಂ, ಅಷ್ಟೇ.

ಅವರಲ್ಲಿ ಒಬ್ಬರು ಹಿರಿಯ ಪ್ಯಾನ್‌ಮನ್. ಸಕ್ಕರೆ ಕಾರ್ಖಾನೆ ಒಳಗೆ ಹೋಗದವರಿಗೆ ಈ ಕೆಲಸ ಗೊತ್ತಿರುವುದಿಲ್ಲ. ಗಾಣದಿಂದ ಬಂದ ರಸವನ್ನು ಶುದ್ಧ ಮಾಡಿ, ಗಟ್ಟಿಮಾಡಿ, ಕೊನೆಗೆ ವ್ಯಾಕ್ಯೂಮ್ ಪ್ಯಾನ್‌ನಲ್ಲಿ ಕುದಿಸಿ ಹರಳು ಕಟ್ಟಿಸುತ್ತಾರೆ. ಪ್ಯಾನ್‌ಮನ್ ಆಗಾಗ ಪ್ರೂಫ್ ಸ್ಟಿಕ್ (ಪ್ಯಾನ್‌ನಿಂದ ಮಾದರಿ ತೆಗೆಯುವ ಕಡ್ಡಿ) ಎಳೆದು, ಒಂದು ಹನಿ ಪಾಕವನ್ನು ಗಾಜಿನ ತುಂಡಿನ ಮೇಲೆ ಹಚ್ಚಿ, ದೀಪಕ್ಕೆ ಅಡ್ಡ ಹಿಡಿದು ನೋಡುತ್ತಾನೆ, ಹೆಬ್ಬೆರಳಲ್ಲಿ ಉಜ್ಜಿ ಹರಳಿನ ಗಾತ್ರ ತಿಳಿಯುತ್ತಾನೆ. ನೀರು ಯಾವಾಗ ಬಿಡಬೇಕು, ಸಿರಪ್ ಯಾವಾಗ ಎಳೆಯಬೇಕು ಅನ್ನುವುದೆಲ್ಲ ಅವನ ಕೈಯಲ್ಲಿ. ಸ್ವಲ್ಪ ಹದ ತಪ್ಪಿದರೆ ಬೇಡದ ಸಣ್ಣ ಹರಳು ಹುಟ್ಟಿಕೊಳ್ಳುತ್ತವೆ. ಅವು ಹರಳು ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದ ಜಾಲರಿಯಲ್ಲಿ ನಿಲ್ಲದೆ ಕಾಕಂಬಿ, ಅಂದರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ (ಮೊಲಾಸಸ್) ಜೊತೆ ಹೋಗಿಬಿಡುತ್ತವೆ. ಮೀಟರು, ಆಟೋಮೇಷನ್ ಎಲ್ಲ ಬಂದಿದೆ, ನಿಜ. ನಮ್ಮಲ್ಲಿ ಅದೂ ಅರೆಬರೆ.

ಅವರು ಹೋದರು. ಜಾಗಕ್ಕೆ ಹೊರಗುತ್ತಿಗೆ ಹುಡುಗ ಬಂದ. ಹುಡುಗನದು ತಪ್ಪಿಲ್ಲ, ಅವನಿಗೆ ಹೇಳಿಕೊಡುವವರೇ ಇರಲಿಲ್ಲ. ಆ ಹಂಗಾಮಿನಲ್ಲಿ ಕಾಕಂಬಿಯಲ್ಲಿ ಸಕ್ಕರೆ ಜಾಸ್ತಿ ಹೋಗ್ತಿದೆ ಅಂತ ಲ್ಯಾಬ್‌ನವರು ಬರೆದು ಬರೆದು ಸಾಕಾದರು.

ಇದರ ಲೆಕ್ಕ ನೋಡಿ. ದಿನಕ್ಕೆ 2,000 ಟನ್ ಅರೆಯುವ ಕಾರ್ಖಾನೆ ಅಂದುಕೊಳ್ಳೋಣ. ಇಳುವರಿ, ಅಂದರೆ ಅರೆದ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಅರ್ಧ ಶೇಕಡ ಬಿದ್ದರೆ ದಿನಕ್ಕೆ 10 ಟನ್ ಸಕ್ಕರೆ ಖೋತಾ. 2019ರಲ್ಲಿ ಕೇಂದ್ರ ನಿಗದಿ ಮಾಡಿದ ಕನಿಷ್ಠ ಮಾರಾಟ ಬೆಲೆ ಕೆಜಿಗೆ 31 ರೂಪಾಯಿ ಹಿಡಿದರೂ ದಿನಕ್ಕೆ 3.10 ಲಕ್ಷ. ನೂರು ದಿನ ಅರೆದರೆ 3.10 ಕೋಟಿ. ಕಾಕಂಬಿಗೂ ಎಥೆನಾಲ್‌ನಿಂದ ಬೆಲೆ ಇದೆಯಲ್ಲ ಅನ್ನಬಹುದು, ಇದೆ, ಆದರೆ ಅದರಲ್ಲಿ ಸ್ವಲ್ಪವೇ ವಾಪಸ್ ಬರೋದು, ಸ್ವಂತ ಡಿಸ್ಟಿಲರಿ ಇಲ್ಲದವರಿಗೆ ಇನ್ನೂ ಕಡಿಮೆ. ಮೇಲಾಗಿ ಕಬ್ಬಿನ ಬೆಲೆಗೆ ಒಂದು ತಳ ಇದೆ. 2024-25ರ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಕನಿಷ್ಠ ಬೆಲೆ) ಶೇ. 10.25 ಇಳುವರಿಗೆ ಕ್ವಿಂಟಾಲ್‌ಗೆ 340 ರೂಪಾಯಿ ಇತ್ತು, ಇಳುವರಿ ಶೇ. 9.5 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ 315.10. ಅದಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ, ಇಳಿಸಲೂಬಾರದು, ಕಾರ್ಖಾನೆಯ ಒಳಗಿನ ಸೋರಿಕೆಗೆ ರೈತ ಯಾಕೆ ದಂಡ ಕಟ್ಟಬೇಕು. ಒಟ್ಟಿನಲ್ಲಿ ಕೆಲವು ಸಂಬಳ ಉಳಿಸಿದೆವು ಅಂತ ವರದಿಯಲ್ಲಿ ಬರೆದೆವು. ಕಾಕಂಬಿ ಟ್ಯಾಂಕಿಗೆ ಹೋದದ್ದನ್ನು ಯಾವ ಕಾಲಮ್ಮಿನಲ್ಲೂ ಬರೆಯಲಿಲ್ಲ.

ಇಷ್ಟೆಲ್ಲದರ ಮಧ್ಯೆ ಲೆಕ್ಕಕ್ಕೇ ಬರದ ಜನ ಅಂದರೆ ಹಂಗಾಮು ಕಾರ್ಮಿಕರು. ವಿಆರ್‌ಎಸ್ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಕಾರ್ಖಾನೆ ಒಂದು ವರ್ಷ ಅರೆಯಲಿಲ್ಲ ಅಂದರೆ ಅವರಿಗೆ ಕರೆ ಬರುವುದಿಲ್ಲ, ಅಷ್ಟೇ, ವಜಾ ಆದೇಶ ಅಂತ ಒಂದು ಕಾಗದವೂ ಇಲ್ಲ. ಗ್ರಾಚ್ಯುಟಿಯಲ್ಲೂ ಹಾಗೇ: ವರ್ಷಪೂರ್ತಿ ನೌಕರನಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಹಂಗಾಮಿನವನಿಗೆ ಹಂಗಾಮಿಗೆ 7 ದಿನ. ಸಾವಿರ ಜನ ಕೆಲಸ ಕಳೆದುಕೊಂಡರು ಅಂತ ಪೇಪರಿನಲ್ಲಿ ಬಂದರೆ ಇವರನ್ನು ಸೇರಿಸಿದ್ದಾರಾ ಅಂತ ಮೊದಲು ಕೇಳಿ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಸರ್ಕಾರದ ಸಕ್ಕರೆ ಕಂಪನಿ ಸ್ಕೆಲ್ಡನ್ ಅನ್ನುವಲ್ಲಿ ಚೀನಾದ ಸಾಲವನ್ನೂ ಪಡೆದು ದೊಡ್ಡ ಹೊಸ ಕಾರ್ಖಾನೆ ಕಟ್ಟಿತು, 2009ರಲ್ಲಿ ಉದ್ಘಾಟನೆಯೂ ಆಯಿತು. ಯಂತ್ರಗಳ ತೊಂದರೆ, ಕಬ್ಬಿನ ಕೊರತೆ, ಅಂದುಕೊಂಡಷ್ಟು ಸಾಮರ್ಥ್ಯ ಮುಟ್ಟಲೇ ಇಲ್ಲ. 2017ರ ಕೊನೆಗೆ ಬಾಗಿಲು ಹಾಕಿದರು. ಆ ಹೊತ್ತಿಗೆ ಅಲ್ಲಿ ಮುಚ್ಚಿದ ಕಾರ್ಖಾನೆಗಳಿಂದ ಸಾವಿರಾರು ಜನ ಬೀದಿಗೆ ಬಂದರು. ಹೊಸ ಯಂತ್ರ ಬಂದರೆ ಎಲ್ಲ ಸರಿಹೋಗುತ್ತೆ ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳಿದಾಗ ನನಗೆ ಅದೇ ನೆನಪಾಗುತ್ತದೆ, ಆದರೆ ಲೆಕ್ಕಪತ್ರದವನನ್ನು ಅಲ್ಲಿ ಯಾರೂ ಮಾತಾಡಲು ಕರೆಯುವುದಿಲ್ಲ ಬಿಡಿ.

ಹಾಗಂತ ಯಾರನ್ನೂ ಕಡಿಮೆ ಮಾಡಲೇಬಾರದು ಅಂತ ನಾನು ಹೇಳಲ್ಲ. ನಮ್ಮ ಆಫೀಸು ಕಡೆ ಬೇಕಾದ್ದಕ್ಕಿಂತ ಜನ ಜಾಸ್ತಿ ಇದ್ದರು, ಶಿಫಾರಸಿನಿಂದ ಬಂದವರೂ ಇದ್ದರು. ವಿಆರ್‌ಎಸ್ ಎಲ್ಲರಿಗೂ ತೆರೆದಿಟ್ಟಾಗ ಅವರು ಅಲ್ಲಾಡಲಿಲ್ಲ, ಪ್ಯಾನ್ ಹೌಸ್ ಮತ್ತು ಬಾಯ್ಲರ್ ಖಾಲಿ ಆಯಿತು. ವಿಭಾಗವಾರು ಮಿತಿ ಹಾಕಿ, ಇಂಥ ಹುದ್ದೆಗೆ ಬದಲಿ ಸಿದ್ಧವಾಗುವ ತನಕ ಅರ್ಜಿ ಒಪ್ಪುವುದಿಲ್ಲ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಈ ಸಲದ ಪ್ರಸ್ತಾವನೆಯಲ್ಲಿ ಯಂತ್ರದ ಮೊತ್ತದ ಕೆಳಗೆ "ಪ್ಯಾನ್ ಹೌಸ್ ತರಬೇತಿ, ನಿವೃತ್ತರ ಸೇವೆ ಪಡೆಯಲು" ಅಂತ ಬೇರೆ ಶೀರ್ಷಿಕೆ ಹಾಕಿ ಕಳಿಸಿದ್ದೆವು. ಮೊತ್ತ ಸಣ್ಣದು. ಯಂತ್ರದ ಭಾಗಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಈ ಸಾಲಿನ ಎದುರಿಗೆ ಮಾತ್ರ "ಅಗತ್ಯವೇನು, ಸಮರ್ಥನೆ ನೀಡಿ" ಅಂತ ಬರೆದು ಕಡತ ವಾಪಸ್ ಬಂದಿದೆ. ಲ್ಯಾಬಿನಿಂದ ಹಳೇ ಹಂಗಾಮುಗಳ ಕಾಕಂಬಿ ರಿಪೋರ್ಟ್ ತರಿಸಿದ್ದೇನೆ, ಸಮರ್ಥನೆಗೆ ಅದನ್ನೇ ಲಗತ್ತಿಸುತ್ತಿದ್ದೇನೆ.