ಸಾಹುಕಾರರ ಮನೆಗೂ ಎರಡು ಸಾವಿರ ಏಕೆ?

ಕಲಬುರಗಿಯ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಮದುವೆಯ ಊಟದ ಪಂಕ್ತಿಯಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಎದುರಾಗುವ ಪ್ರಶ್ನೆ ಒಂದೇ: "ಸಾವಕಾರರ ಮನಿಗೂ ಎರಡು ಸಾವಿರ ಯಾಕ್ ಕೊಡಬೇಕ್ರಿ ಸರ? ಅವರವರ ಗಳಿಕಿ ನೋಡಿ ಕೊಟ್ಟರ ಆಗಂಗಿಲ್ಲೇನ್ರಿ?" ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಆರಂಭವಾದಂದಿನಿಂದ ಇದನ್ನು ಕೇಳದವರು ಕಡಿಮೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನನ್ನ ಉತ್ತರ ಅವರು ನಿರೀಕ್ಷಿಸುವುದಲ್ಲ: ಗಳಿಕೆ ಅಳತೆಗೆ ಸಿಗುವ ನಾಡಿನಲ್ಲಿ ಅಳೆದು ಕೊಡಬಹುದು, ಸಿಗದ ನಮ್ಮ ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕೊಟ್ಟು, ಸರ್ಕಾರದ ಕಣ್ಣಿಗೆ ಕಾಣುವ ಸಿರಿವಂತರನ್ನಷ್ಟೇ ಹೊರಗಿಡುವುದು ಮೇಲು.

ಮೊದಲು ಲೆಕ್ಕ ನೋಡೋಣ. ಗಳಿಕೆಯಿಲ್ಲದ ಮನೆಗೆ ತಿಂಗಳಿಗೆ 2,000 ರೂಪಾಯಿ ಕೊಟ್ಟು, ಗಳಿಸಿದ ಪ್ರತಿ ರೂಪಾಯಿಗೆ 20 ಪೈಸೆಯಂತೆ ನೆರವನ್ನು ಇಳಿಸುತ್ತ ಹೋದರೆ, 5,000 ಗಳಿಸುವ ಮನೆಗೆ 1,000 ದೊರೆಯುತ್ತದೆ, 10,000 ಗಳಿಸುವ ಮನೆಗೆ ಏನೂ ದೊರೆಯುವುದಿಲ್ಲ. ಇದು ಇಳಿಮುಖ ನೆರವು. ಇನ್ನು ಎಲ್ಲರಿಗೂ 2,000 ಕೊಟ್ಟು, ಗಳಿಕೆಯ ಮೇಲೆ ಶೇ 20ರಷ್ಟು ತೆರಿಗೆ ಹಾಕಿದರೆ, 5,000 ಗಳಿಸುವವರು 1,000 ಹಿಂತಿರುಗಿಸುತ್ತಾರೆ, 10,000 ಗಳಿಸುವವರು ಪಡೆದುದನ್ನೆಲ್ಲ ಹಿಂತಿರುಗಿಸುತ್ತಾರೆ. ಇದು ಸಾರ್ವತ್ರಿಕ ಮೂಲ ಆದಾಯ. ಈ ಮಟ್ಟದವರೆಗೆ ಮನೆಯಲ್ಲಿ ಉಳಿಯುವ ಹಣ ಎರಡರಲ್ಲೂ ಒಂದೇ. ಒಂದು ವ್ಯವಸ್ಥೆ ಕೊಡುವ ಮೊದಲು ಅಳೆಯುತ್ತದೆ, ಇನ್ನೊಂದು ಕೊಟ್ಟ ಮೇಲೆ ಅಳೆಯುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಮುಂದಿಟ್ಟ, ಗಳಿಕೆ ಕಡಿಮೆಯಿದ್ದವರಿಗೆ ಸರ್ಕಾರವೇ ಹಣ ಕೊಡುವ ಋಣಾತ್ಮಕ ಆದಾಯ ತೆರಿಗೆಯ ಹಿಂದೆಯೂ ಇಂಥದೇ ಲೆಕ್ಕವಿದೆ. ಹಾಗಾಗಿ, ನನ್ನ ಮಟ್ಟಿಗೆ, ಅಳೆಯುವವರು ಯಾರು, ಯಾವಾಗ, ಯಾವ ಕಾಗದ ನೋಡಿ ಅಳೆಯುತ್ತಾರೆ ಎಂಬುದೇ ನಿಜವಾದ ಚರ್ಚೆ.

ಬ್ರಿಟನ್ನಿನಲ್ಲಿ ದುಡಿಯುವವರ ಸಂಬಳ ಒಂದು ಪೌಂಡ್ ಏರಿದರೆ ನೆರವು 55 ಪೆನ್ಸ್ ಇಳಿಯುತ್ತದೆ. ಮಾಲೀಕರು ಸಂಬಳ ಕೊಟ್ಟಾಗಲೆಲ್ಲ ಅದರ ವಿವರ ತೆರಿಗೆ ಇಲಾಖೆಗೆ ಹೋಗುವುದರಿಂದ ಅಲ್ಲಿ ಇದು ನಡೆಯುತ್ತದೆ. ನಮ್ಮಲ್ಲಿ? ಮುಂಗಾರಿಗೆ ತೊಗರಿ ಬಿತ್ತಿದ ಆಳಂದದ ರೈತನಿಗೆ ರೊಕ್ಕ ಕಾಣುವುದು ರಾಶಿಯಾದ ಮೇಲೆ, ವರ್ಷಕ್ಕೊಮ್ಮೆ. ಗೊಡ್ಡು ರೋಗ ಬಿದ್ದರೆ ಅದೂ ಇಲ್ಲ. ಯಾದಗಿರಿಯಿಂದ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಗಂಡ ಹೆಂಡತಿಯ ಕೂಲಿ ಮೇಸ್ತ್ರಿಯ ಚೀಟಿಯಲ್ಲಿ ಇದ್ದರೆ ಇದ್ದೀತು, ಬೇರೆಲ್ಲೂ ಇರುವುದಿಲ್ಲ. ಇವರ ಗಳಿಕೆಗೆ ಸರ್ಕಾರದ ಬಳಿ ಇರುವ ಏಕೈಕ ಕಾಗದವೆಂದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರ. ಅದರಲ್ಲಿ ವರ್ಷಕ್ಕೆ ಒಂದು ಅಂಕಿ ಇರುತ್ತದೆ, ಆ ಅಂಕಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ತಿಂಗಳ ಗಳಿಕೆಗೆ ತಕ್ಕಂತೆ ಇಳಿಯುವ ನೆರವನ್ನು ಇಂಥ ಕಾಗದದ ಮೇಲೆ ಕಟ್ಟಲಾಗದು.

ಆದ್ದರಿಂದ ನಾವು ಇಳಿಮುಖ ನೆರವಿನ ಇಳಿಜಾರನ್ನು ಬಿಟ್ಟು, ಒಳಗೋ ಹೊರಗೋ ಎಂಬ ಗೆರೆ ಎಳೆದಿದ್ದೇವೆ, ಮತ್ತು ಗೆರೆ ಮೇಲಿನ ಎರಡು ವ್ಯವಸ್ಥೆಗಳಿಗಿಂತಲೂ ಕೆಟ್ಟದ್ದು. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ 10,000. ಉದ್ಯೋಗ ಖಾತ್ರಿಯ 2025–26ರ ದಿನಗೂಲಿ 370 ರೂಪಾಯಿ. ಆ ದರದಲ್ಲಿ ಇಬ್ಬರು ತಿಂಗಳಿಗೆ 14 ದಿನ ದುಡಿದರೂ ಗೆರೆ ದಾಟುತ್ತಾರೆ. ನಿಜವನ್ನೇ ಬರೆಸಿದರೆ ಅಕ್ಕಿಯೂ ಹೋಗುತ್ತದೆ, ಆಸ್ಪತ್ರೆಯ ಪೂರ್ಣ ರಿಯಾಯಿತಿಯೂ ಹೋಗುತ್ತದೆ. ಸುಳ್ಳು ಬರೆಸುವಂತೆ ಒತ್ತಾಯಿಸುವ ನಿಯಮವನ್ನು ಮಾಡಿಟ್ಟು, ಬರೆಸಿದವರನ್ನು ಕಳ್ಳರೆನ್ನುವುದು ನನಗೆ ಒಪ್ಪಿಗೆಯಿಲ್ಲ. 2024ರ ನವೆಂಬರ್‌ನಲ್ಲಿ ಕಾರ್ಡುಗಳ ರದ್ದತಿ ಗದ್ದಲಕ್ಕೆ ಕಾರಣವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಮರಳಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಇದೇ ಕಲಬುರಗಿಯಲ್ಲಿ 2023ರ ಆಗಸ್ಟ್ 5ರಂದು ಚಾಲನೆ ಪಡೆದ ಉಚಿತ ವಿದ್ಯುತ್ತಿನ ಗೃಹಜ್ಯೋತಿಯಲ್ಲಿಯೂ ಇಂಥ ಗೆರೆಯಿದೆ: ಬೇಸಿಗೆಯಲ್ಲಿ ಕೂಲರ್ ಹೆಚ್ಚು ಓಡಿ 201ನೇ ಯೂನಿಟ್ ಬಿದ್ದರೆ ಇಡೀ ಬಿಲ್ಲು ತಲೆಗೆ ಬರುತ್ತದೆ.

ಇವುಗಳ ಪಕ್ಕದಲ್ಲಿ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಇಟ್ಟು ನೋಡಬೇಕು. ರಾಜ್ಯದ ನಿವಾಸಿಯೆಂಬ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿದುಕೊಡುತ್ತಾನೆ; ಗಂಡನ ಸಂಬಳ ಕೇಳುವುದಿಲ್ಲ. ಸಿರಿವಂತರ ಮನೆಯ ಹೆಣ್ಣುಮಕ್ಕಳು ಕಾರಿನಲ್ಲಿ ಹೋಗುವುದರಿಂದ ಸೋರಿಕೆಯೂ ತಾನಾಗಿಯೇ ಕಡಿಮೆ. ಗೃಹಲಕ್ಷ್ಮಿಯೂ ಹೆಚ್ಚುಕಡಿಮೆ ಇದೇ ದಾರಿಯದು. ಎಪಿಎಲ್ ಕಾರ್ಡಿನವರಿಗೂ ದೊರೆಯುತ್ತದೆ. ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುತ್ತಿದ್ದರೆ ಮಾತ್ರ ಇಲ್ಲ. ಬಡವರು ತಮ್ಮ ಬಡತನವನ್ನು ರುಜುವಾತು ಮಾಡಬೇಕಿಲ್ಲ, ಸಿರಿವಂತರ ಸಿರಿ ಮೊದಲೇ ದಾಖಲಾಗಿದೆ.

ಹಾಗಾದರೆ ಮಕ್ಕಳು ಮುದುಕರೆನ್ನದೆ ಎಲ್ಲರಿಗೂ ಕೊಡಬಹುದೇ? 2011ರ ಜನಗಣತಿಯ 6.11 ಕೋಟಿ ಜನಕ್ಕೆ ತಿಂಗಳಿಗೆ ತಲಾ ಒಂದು ಸಾವಿರವೆಂದರೂ ವರ್ಷಕ್ಕೆ 73,000 ಕೋಟಿ ದಾಟುತ್ತದೆ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಆಗದ ಮಾತು. 2016–17ರ ಕೇಂದ್ರ ಆರ್ಥಿಕ ಸಮೀಕ್ಷೆ ಕೂಡ ವರ್ಷಕ್ಕೆ ತಲಾ 7,620 ರೂಪಾಯಿಯ ಲೆಕ್ಕ ಹಾಕುವಾಗ ಮೇಲಿನ ಕಾಲು ಭಾಗದ ಜನರನ್ನು ಬಿಟ್ಟೇ ಎಣಿಸಿತ್ತು.

ಕೆಲಸಗೇಡಿಗಳಾಗುತ್ತಾರೆ ಎಂಬ ಆಕ್ಷೇಪಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಮಧ್ಯಪ್ರದೇಶದ ಹಳ್ಳಿಗಳಲ್ಲಿ 2011ರಿಂದ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆ 'ಸೇವಾ' (SEWA) ನಡೆಸಿದ ಪ್ರಯೋಗದಲ್ಲಿ ಹಣ ಪಡೆದವರ ದುಡಿಮೆ ಕುಗ್ಗಲಿಲ್ಲ; ತಿಂಗಳಿಗೆ 560 ಯೂರೊ ಪಡೆದ ಫಿನ್ಲೆಂಡಿನ 2,000 ನಿರುದ್ಯೋಗಿಗಳದ್ದೂ ಕುಗ್ಗಲಿಲ್ಲ.

ನನ್ನ ವಾದದ ದುರ್ಬಲ ಜಾಗ ಬೇರೆಡೆ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ನಲವತ್ತು ಎಕರೆ ಭತ್ತ ಬೆಳೆಯುವವರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಆದಕಾರಣ ನಾನು ಮೆಚ್ಚಿದ ಜರಡಿಯಲ್ಲಿ ಅವರು ಬಡವರೊಡನೆಯೇ ಉಳಿದುಬಿಡುತ್ತಾರೆ. ಪ್ರಶ್ನೆ ಕೇಳುವವರ ಮನಸ್ಸಿನಲ್ಲಿರುವ ಸಾಹುಕಾರರೂ ಬಹುಶಃ ಇವರೇ. ಇವರ ವಿಷಯದಲ್ಲಿ ಗಳಿಕೆಯ ಬದಲು ನೆಲವನ್ನು ಅಳೆಯಬಹುದು: ಎಷ್ಟು ಎಕರೆ, ಒಣಬೇಸಾಯವೋ ನೀರಾವರಿಯೋ ಎಂಬುದು ಪಹಣಿಯಲ್ಲಿದೆ, ಪಹಣಿ 'ಭೂಮಿ' ತಂತ್ರಾಂಶದಲ್ಲಿದೆ, ಯಾರೂ ಪ್ರಮಾಣಪತ್ರ ತರಬೇಕಿಲ್ಲ. ಹೊಲವನ್ನು ಅಣ್ಣತಮ್ಮಂದಿರ, ಮಕ್ಕಳ, ಸೊಸೆಯರ ಹೆಸರಿಗೆ ಹಂಚಿಟ್ಟಿದ್ದರೆ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಒಂದೇ ಸರ್ವೆ ನಂಬರಿನ ಪಾಲುಗಳನ್ನು ಕೂಡಿಸಿ ನೋಡುವ ನಿಯಮವೂ ಜೊತೆಗೇ ಬೇಕು ಎನ್ನುತ್ತೇನೆ. ಅಂಥ ನಿಯಮಕ್ಕೆ ವಿಧಾನಸೌಧದಲ್ಲಿ ಕೈ ಎತ್ತುವವರಲ್ಲಿ ಎಷ್ಟು ಮಂದಿಗೆ ಕಾಲುವೆಯ ಕೆಳಗೆ ಹೊಲವಿದೆ ಎಂಬುದನ್ನೂ ಆಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.